ಸ್ವಂತ ಮಗಳ ಮುಖವೇ ಗುರುತು ಸಿಗಲಿಲ್ಲ, ನನಗೇನಾಗಿದೆ?

ಪ್ರಶ್ನೆ: ನನಗೆ 36 ವರ್ಷ. ಚಿಕ್ಕಂದಿನಿಂದಲೂ ಜನರ ಮುಖ ನೆನಪಿನಲ್ಲಿ ನಿಲ್ಲುವುದಿಲ್ಲ. ಹೆಸರು, ಫೋನ್ ನಂಬರ್, ಯಾರು ಯಾವಾಗ ಏನು ಹೇಳಿದರು, ಎಲ್ಲ ನೆನಪಿರುತ್ತದೆ. ಮುಖ ಮಾತ್ರ ಇಲ್ಲ. ಆಫೀಸಿನಲ್ಲಿ ಎರಡು ವರ್ಷದಿಂದ ಪಕ್ಕದಲ್ಲೇ ಕೂರುವವರು ಹೊರಗೆ ಸಿಕ್ಕಿ ನಕ್ಕರೆ, ಯಾರೋ ಅಂದುಕೊಂಡು ಮುಂದೆ ಹೋಗಿಬಿಡುತ್ತೇನೆ. ‘ಅವಳಿಗೆ ಜಂಭ’ ಅಂತ ಹೆಸರು ಬಂದಿದೆ. ಕಳೆದ ತಿಂಗಳು ಮಗಳನ್ನು ಕರೆತರಲು ಶಾಲೆಗೆ ಹೋದಾಗ ಬೇರೆ ಹುಡುಗಿಯ ಕೈ ಹಿಡಿದೆ. ಎಲ್ಲರದ್ದೂ ಒಂದೇ ಯೂನಿಫಾರ್ಮ್. ಮಗಳು ಅವತ್ತು ಕೂದಲು ಬೇರೆ ಥರ ಕಟ್ಟಿಕೊಂಡಿದ್ದಳು. ‘ಅಮ್ಮಾ, ನಾನಿಲ್ಲಿ’ ಅಂತ ಅವಳು ಕೂಗಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದರ ಮೇಲೆ ಇನ್ನೊಂದು. ಕೆಲಸ ಬದಲಾಯಿಸಲು ಆನ್‌ಲೈನ್ ಸಂದರ್ಶನ ಕೊಟ್ಟೆ. ಎದುರಿಗೆ ಯಾರೂ ಇರಲಿಲ್ಲ, ಕ್ಯಾಮೆರಾ ನೋಡಿಕೊಂಡು ಉತ್ತರ ಹೇಳಬೇಕಿತ್ತು. ಸಾಫ್ಟ್‌ವೇರ್ ಕೊಟ್ಟ ವರದಿಯಲ್ಲಿ ‘ಉತ್ಸಾಹ ಕಡಿಮೆ, ಮುಖದಲ್ಲಿ ಸಿಟ್ಟಿನ ಛಾಯೆ’ ಎಂದಿತ್ತು. ಕೆಲಸ ಸಿಗಲಿಲ್ಲ. ನನಗೆ ಮರೆವಿನ ಕಾಯಿಲೆ ಶುರುವಾಗಿದೆಯಾ? ಮಗಳ ಮೇಲೆ ನನಗೆ ಪ್ರೀತಿ ಕಡಿಮೆಯಾ? ನನಗೇ ಗೊತ್ತಿಲ್ಲದ ನನ್ನ ಮನಸ್ಸು ಯಂತ್ರಕ್ಕೆ ಗೊತ್ತಾಗುತ್ತಾ? ಮುಖ ಗುರುತಿಸುವ ಆ್ಯಪ್ ಹಾಕಿಕೊಂಡರೆ ಕಷ್ಟ ತೀರುತ್ತಾ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಿಮ್ಮನ್ನು ಒಳಗೊಳಗೇ ಕೊರೆಯುತ್ತಿರುವುದು ಎರಡನೆಯದು ಅನ್ನಿಸಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ರೀತಿ ಕಡಿಮೆಯಾಗಿ ಗುರುತು ತಪ್ಪಿದ್ದಲ್ಲ. ‘ಈ ಮುಖ ಇಂಥವರದ್ದು’ ಎಂದು ಹಿಡಿಯುವ ಕೆಲಸ ಬೇರೆ, ‘ಇವರು ನಮ್ಮವರು’ ಎಂದು ಮನಸ್ಸು ಕರಗುವುದು ಬೇರೆ. ಮಿದುಳಿನಲ್ಲಿ ಇವೆರಡಕ್ಕೆ ಬೇರೆ ಬೇರೆ ದಾರಿ. ಸಮಾಧಾನಕ್ಕೆ ಸುಮ್ನೆ ಹೇಳುತ್ತಿಲ್ಲ. 1980ರ ದಶಕದಲ್ಲಿ, ಮಿದುಳಿಗೆ ಏಟಾಗಿ ಮುಖದ ಗುರುತು ಕಳೆದುಕೊಂಡಿದ್ದ ಕೆಲವರಿಗೆ ಪರಿಚಿತರ ಮತ್ತು ಅಪರಿಚಿತರ ಫೋಟೋಗಳನ್ನು ಬೆರೆಸಿ ತೋರಿಸಿದರು. ಯಾರದ್ದೂ ಗುರುತಿಲ್ಲ ಎಂದೇ ಅವರು ಹೇಳಿದರು. ಆದರೆ ಪರಿಚಿತರ ಫೋಟೋ ಬಂದಾಗ ಅವರ ಕೈ ತುಸು ಬೆವರುತ್ತಿತ್ತು. ಬೆರಳಿಗೆ ಕಟ್ಟಿದ ಉಪಕರಣ ಅದನ್ನು ಹಿಡಿಯಿತು. ಬಾಯಿ ಗೊತ್ತಿಲ್ಲ ಅಂದದ್ದು ಮೈಗೆ ಗೊತ್ತಿತ್ತು.

ಇದರ ತಿರುವುಮುರುವೂ ಇದೆ. ಫ್ರಾನ್ಸಿನ ಮನೋವೈದ್ಯ ಜೋಸೆಫ್ ಕಾಪ್‌ಗ್ರಾ 1923ರಲ್ಲಿ ವಿವರಿಸಿದ ಒಂದು ಸ್ಥಿತಿಯಲ್ಲಿ, ‘ಮುಖವೇನೋ ನನ್ನ ಗಂಡನದ್ದೇ, ಆದರೆ ಇವನು ಅವನಲ್ಲ, ಅವನ ಹಾಗೆ ವೇಷ ಹಾಕಿದವನು’ ಎಂದು ರೋಗಿ ಹಟ ಹಿಡಿಯುತ್ತಾರೆ. ಅಲ್ಲಿ ಮುಖದ ಗುರುತು ಸರಿಯಾಗೇ ಇರುತ್ತದೆ, ತನ್ನವರು ಎಂಬ ಭಾವ ಮಾತ್ರ ಏಳುವುದಿಲ್ಲ. ನಿಮ್ಮದು ಇದಕ್ಕೆ ಪೂರ್ತಿ ಉಲ್ಟಾ. ಮಗಳು ‘ಅಮ್ಮಾ’ ಎಂದು ಕೂಗಿದ ತಕ್ಷಣ ನಿಮಗೆ ಭೂಮಿ ಬಾಯಿ ಬಿಡಬೇಕು ಅನ್ನಿಸಿತಲ್ಲ, ಪ್ರೀತಿ ಇಲ್ಲದವರಿಗೆ ಹಾಗೆ ಅನ್ನಿಸುವುದಿಲ್ಲ.

ಮರೆವಿನ ಕಾಯಿಲೆಯ ಭಯವನ್ನೂ ಬಿಡಿ. ಚಿಕ್ಕಂದಿನಿಂದ ಇದೆ, ಹೆಸರು ನಂಬರ್ ಎಲ್ಲ ನೆನಪಿರುತ್ತದೆ, ಮುಖವೊಂದೇ ಕೈಕೊಡುತ್ತದೆ. ಮರೆವಿನ ಕಾಯಿಲೆ ಹೀಗೆ ಬರುವುದಿಲ್ಲ. ನಿಮ್ಮ ವಿವರಣೆ ಓದಿದರೆ ಇದು ಹುಟ್ಟಿನಿಂದ ಬಂದ ‘ಪ್ರೊಸೊಪಗ್ನೋಸಿಯಾ’ ಅನ್ನಿಸುತ್ತದೆ. ಮುಖಗುರುಡು ಅಂತಲೂ ಅನ್ನಬಹುದು, ಆದರೆ ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಪತ್ರ ಓದಿ ಖಚಿತ ಮಾಡಲಾಗದು, ಪರೀಕ್ಷೆ ಬೇಕು. ಈ ಹೆಸರು ಕೊಟ್ಟವರು ಜರ್ಮನಿಯ ನರವೈದ್ಯ ಯೋಆಕಿಮ್ ಬೋಡಾಮರ್, 1947ರಲ್ಲಿ. ತಲೆಗೆ ಗುಂಡೇಟು ಬಿದ್ದಿದ್ದ ಅವರ ರೋಗಿಯೊಬ್ಬನಿಗೆ ಮನೆಯವರ ಮುಖವಿರಲಿ, ಕನ್ನಡಿಯಲ್ಲಿ ತನ್ನದೇ ಮುಖ ಗುರುತು ಸಿಗುತ್ತಿರಲಿಲ್ಲ. ಇದು ಮಿದುಳಿಗೆ ಏಟು ಬಿದ್ದವರಿಗಷ್ಟೇ ಬರುವ, ತೀರಾ ಅಪರೂಪದ ತೊಂದರೆ ಎಂದೇ ತುಂಬಾ ಕಾಲ ನಂಬಿದ್ದರು. ಏಟಿಲ್ಲದೆ, ಹುಟ್ಟಿನಿಂದಲೇ ಹೀಗಿರುವವರು ನೂರಕ್ಕೆ ಸುಮಾರು 2 ಜನ ಇದ್ದಾರೆ ಎಂದು ಈಗ ಅಂದಾಜಿದೆ. ನರವೈದ್ಯ ಆಲಿವರ್ ಸ್ಯಾಕ್ಸ್, ಚಿಂಪಾಂಜಿಗಳ ನಡುವೆ ಬದುಕು ಕಳೆದ ಜೇನ್ ಗುಡಾಲ್, ಇಬ್ಬರೂ ತಮಗೆ ಈ ತೊಂದರೆ ಇದೆ ಎಂದು ಹೇಳಿಕೊಂಡವರು. ದಡ್ಡತನಕ್ಕೂ ಇದಕ್ಕೂ ನಂಟಿಲ್ಲ. ಗಮನ ಕೊಡದಿರುವುದಕ್ಕೂ ಇಲ್ಲ.

ಹಾಗಾದರೆ ಎಲ್ಲಿ ತಪ್ಪುತ್ತದೆ? ಬೇರೆಯವರು ಮುಖ ನೋಡುವಾಗ ಕಣ್ಣು, ಮೂಗು, ಬಾಯಿ ಎಂದು ಬಿಡಿಬಿಡಿಯಾಗಿ ನೋಡುವುದಿಲ್ಲ. ಒಟ್ಟಿಗೆ, ಒಂದೇ ಗುಕ್ಕಿನಲ್ಲಿ ನುಂಗುತ್ತಾರೆ. ಪರಿಚಿತರ ಫೋಟೋ ಒಂದನ್ನು ತಲೆಕೆಳಗೆ ಹಿಡಿದು ಮನೆಯಲ್ಲಿ ಯಾರಿಗಾದರೂ ತೋರಿಸಿ. ತಡವರಿಸುತ್ತಾರೆ. ಮನೆ, ವಿಮಾನದಂಥ ಚಿತ್ರ ತಲೆಕೆಳಗಾದರೆ ಇಷ್ಟು ಕಷ್ಟವಾಗುವುದಿಲ್ಲ. ಇದನ್ನು 1969ರಲ್ಲೇ ತೋರಿಸಿದ್ದಾರೆ. ಮುಖ ತಿರುಗಿಸಿದ ಕೂಡಲೇ ಆ ‘ಒಂದೇ ಗುಕ್ಕು’ ಕೆಲಸ ಮಾಡುವುದಿಲ್ಲ, ಎಲ್ಲರೂ ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ. ನೀವು ನೆಟ್ಟಗಿರುವ ಮುಖವನ್ನೂ ದಿನವಿಡೀ ಆ ಥರ ಕಷ್ಟಪಟ್ಟು ನೋಡುತ್ತಿದ್ದೀರಿ ಎಂದುಕೊಳ್ಳಿ. ಈ ಕೆಲಸದಲ್ಲಿ ಮುಖ್ಯ ಪಾತ್ರ ಇರುವುದು ಮಿದುಳಿನ ಹಿಂಬದಿಯ ತಳದಲ್ಲಿರುವ ಫ್ಯೂಸಿಫಾರ್ಮ್ ಎಂಬ ಮಡಿಕೆಯದ್ದು. ಅಲ್ಲಿ ಒಂದು ಸಣ್ಣ ಜಾಗ ಬೇರೆ ವಸ್ತುಗಳಿಗಿಂತ ಮುಖಕ್ಕೇ ಜಾಸ್ತಿ ಎಚ್ಚರಗೊಳ್ಳುತ್ತದೆ ಎಂದು ನ್ಯಾನ್ಸಿ ಕ್ಯಾನ್‌ವಿಶರ್ ಮತ್ತು ಸಂಗಡಿಗರು 1997ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ಬಲಬದಿಯಲ್ಲಿ ಅದು ಹೆಚ್ಚು ಸ್ಪಷ್ಟ.

ಪರೀಕ್ಷೆಯ ಕೋಣೆಯಲ್ಲಿ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. 2006ರಲ್ಲಿ ರೂಪಿಸಿದ ಕೇಂಬ್ರಿಡ್ಜ್ ಮುಖ ನೆನಪಿನ ಪರೀಕ್ಷೆ ಅಂತ ಒಂದಿದೆ. ಕೂದಲು ಕತ್ತರಿಸಿ ತೆಗೆದ, ಬರೀ ಮುಖದ ಚಿತ್ರಗಳು. ಕೆಲವನ್ನು ನೆನಪಿಟ್ಟುಕೊಂಡು, ಆಮೇಲೆ ಮೂರರಲ್ಲಿ ಒಂದನ್ನು ಆರಿಸಬೇಕು. ನನ್ನ ಎದುರು ಕೂತಿದ್ದ ಒಬ್ಬರು ಸಣ್ಣ ದನಿಯಲ್ಲಿ ಗೊಣಗಿಕೊಳ್ಳುತ್ತಿದ್ದರು: ‘ಎಡ ಹುಬ್ಬು ತುದಿಯಲ್ಲಿ ತೆಳು. ಮೂಗಿನ ಪಕ್ಕ ಗೆರೆ. ಕೆಳತುಟಿ ದಪ್ಪ.’ ಮೊದಲ ಸುತ್ತು ಚೆನ್ನಾಗೇ ಆಯಿತು. ಎರಡನೇ ಸುತ್ತಿನಲ್ಲಿ ಅದೇ ಮುಖ, ಆದರೆ ಬೆಳಕು ಬೇರೆ ಕಡೆಯಿಂದ. ಹುಬ್ಬಿನ ತುದಿ ನೆರಳಿಗೆ ಹೋಗಿತ್ತು. ಅವರ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ‘ಇವರಲ್ಲಿ ಯಾರನ್ನೂ ನಾನು ನೋಡಿಲ್ಲ’ ಅಂದರು. ಐದು ನಿಮಿಷದ ಹಿಂದೆ ಅದೇ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದ್ದರು. ನಿಮ್ಮ ಮಗಳ ಕೂದಲಿಗೆ ಆದದ್ದೂ ಇದೇ. ನೀವು ಇಷ್ಟು ವರ್ಷ ಅವಳ ಮುಖಕ್ಕಿಂತ ಜಾಸ್ತಿ ಅವಳ ಜಡೆ, ನಡಿಗೆ, ದನಿ, ಬ್ಯಾಗನ್ನು ಹಿಡಿದುಕೊಂಡು ಗುರುತಿಸುತ್ತಿದ್ದಿರಿ. ಯೂನಿಫಾರ್ಮ್ ಎಲ್ಲರನ್ನೂ ಒಂದೇ ಮಾಡಿತು, ಜಡೆಯೂ ಬದಲಾಯಿತು, ನಿಮ್ಮ ಕೈಯಲ್ಲಿದ್ದ ದಾರ ತಪ್ಪಿತು.

ಮಿಕ್ಕವರೆಲ್ಲ ಮುಖದ ವಿಷಯದಲ್ಲಿ ಪಂಡಿತರು ಅಂತಲೂ ತಿಳಿಯಬೇಡಿ. ಪರಿಚಿತರ ಮುಖಕ್ಕೆ ಮನುಷ್ಯ ನಿಜಕ್ಕೂ ಗಟ್ಟಿಗ. ಯಾರ್ಕ್ ವಿಶ್ವವಿದ್ಯಾಲಯದವರು 2018ರಲ್ಲಿ ಲೆಕ್ಕ ಹಾಕಿದಾಗ ಒಬ್ಬೊಬ್ಬರಿಗೆ ಸರಾಸರಿ 5,000 ಮುಖ ಗೊತ್ತಿರುತ್ತದೆ ಎಂದು ಬಂತು. ಆದರೆ ಅಪರಿಚಿತರ ಮುಖಕ್ಕೆ ಬಂದರೆ ಎಲ್ಲರೂ ಎಡವುತ್ತಾರೆ. ಆಸ್ಟ್ರೇಲಿಯಾದಲ್ಲಿ ಪಾಸ್‌ಪೋರ್ಟ್ ಅಧಿಕಾರಿಗಳನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆಯವರ ಫೋಟೋ ಹಿಡಿದು ಬಂದವರನ್ನು ಅವರು ನೂರಕ್ಕೆ 14 ಸಲ ‘ಇವರೇ’ ಎಂದು ಒಪ್ಪಿಬಿಟ್ಟಿದ್ದರು. ದಿನವೂ ಅದೇ ಕೆಲಸ ಮಾಡುವವರು ಅವರು. ಇನ್ನೊಂದು ತುದಿಯಲ್ಲಿ, ಒಮ್ಮೆ ನೋಡಿದ ಮುಖವನ್ನು ವರ್ಷಗಳಾದ ಮೇಲೂ ಬಿಡದವರಿದ್ದಾರೆ. ಎತ್ತರ, ಕುಳ್ಳು ಇರುವ ಹಾಗೆ ಇದೂ ಒಂದು ಅಳತೆ. ನೀವು ಅದರ ಕೆಳಗಿನ ತುದಿಯಲ್ಲಿದ್ದೀರಿ.

ಈಗ ನಿಮ್ಮ ಪತ್ರದ ಒಂದು ಸಾಲಿಗೆ ಬರುತ್ತೇನೆ. ‘ಹೊರಗೆ ಸಿಕ್ಕಿ ನಕ್ಕರೆ, ಯಾರೋ ಅಂದುಕೊಂಡು ಮುಂದೆ ಹೋಗಿಬಿಡುತ್ತೇನೆ’ ಎಂದು ಬರೆದಿದ್ದೀರಿ. ಯಾರು ಎಂದು ಗೊತ್ತಾಗಲಿಲ್ಲ, ಆದರೆ ನಕ್ಕರು ಎಂದು ಗೊತ್ತಾಯಿತು, ಅಲ್ವಾ? ಯಾರು ಎಂದು ಹೇಳುವುದಕ್ಕೆ ಮುಖದಲ್ಲಿ ಬದಲಾಗದ್ದನ್ನು ಹಿಡಿಯಬೇಕು. ನಗು, ಸಿಟ್ಟು, ಬೇಸರಕ್ಕೆ ಕ್ಷಣಕ್ಷಣಕ್ಕೂ ಬದಲಾಗುವುದನ್ನು ಹಿಡಿಯಬೇಕು. ಈ ಎರಡನೇ ಕೆಲಸ ಬಹುಮಟ್ಟಿಗೆ ಮಿದುಳಿನ ಬದಿಯಲ್ಲಿ, ಕಿವಿಯ ಮೇಲ್ಭಾಗಕ್ಕೆ ಸಮೀಪದ ಒಂದು ಸೀಳಿನ ಸುತ್ತ ನಡೆಯುತ್ತದೆ. ಅದಕ್ಕೇ ನಿಮ್ಮಂಥವರಲ್ಲಿ ಹೆಚ್ಚಿನವರು ಮುಖಭಾವವನ್ನು ಚೆನ್ನಾಗಿಯೇ ಓದುತ್ತಾರೆ. ಈ ಎರಡು ಕೆಲಸವನ್ನು ಒಂದೇ ಎಂದು ಕಲಸಿಬಿಡುವುದೇ ಎಷ್ಟೋ ಗೊಂದಲಕ್ಕೆ ಮೂಲ. ಯಂತ್ರದ ವಿಷಯದಲ್ಲೂ ಹೀಗೇ ಆಗಿದೆ.

‘ಇದು ಯಾರ ಮುಖ’ ಎಂಬ ಕೆಲಸದಲ್ಲಿ ಯಂತ್ರ ನಿಜಕ್ಕೂ ಬೆಳೆದಿದೆ. 1960ರ ದಶಕದಲ್ಲಿ ವುಡಿ ಬ್ಲೆಡ್‌ಸೋ ಎಂಬವರು ಶುರು ಮಾಡಿದಾಗ ಕಣ್ಣಿನ ಮೂಲೆ, ಬಾಯಿಯ ಅಂಚುಗಳನ್ನು ಮನುಷ್ಯರೇ ಗುರುತು ಹಾಕಿ ಕೊಡಬೇಕಿತ್ತು. ಈಗ ಕಂಪ್ಯೂಟರ್ ಲಕ್ಷಗಟ್ಟಲೆ ಮುಖ ನೋಡಿ ತಾನೇ ಕಲಿಯುತ್ತದೆ. ಒಂದು ಮುಖವನ್ನು ಸಂಖ್ಯೆಗಳ ಒಂದು ಸಾಲನ್ನಾಗಿ ಮಾಡುತ್ತದೆ. 2015ರಲ್ಲಿ ಗೂಗಲ್‌ನವರು ಮಾಡಿದ ವ್ಯವಸ್ಥೆಯಲ್ಲಿ ಅಂಥ ಸಂಖ್ಯೆ 128. ಎರಡು ಸಾಲುಗಳು ಹತ್ತಿರವಿದ್ದರೆ ಒಬ್ಬರೇ, ದೂರವಿದ್ದರೆ ಬೇರೆಯವರು. ಕೂದಲು ಬದಲಾದರೂ ಸಂಖ್ಯೆ ಅಷ್ಟಾಗಿ ಕದಲದ ಹಾಗೆ ಅದನ್ನು ಪಳಗಿಸಿರುತ್ತಾರೆ. ಆದರೆ ಕಲಿಸುವಾಗ ಯಾರ ಮುಖ ಕಡಿಮೆ ತೋರಿಸಿದ್ದಾರೋ ಅವರ ವಿಷಯದಲ್ಲಿ ಅದು ತಪ್ಪು ಮಾಡುವ ಸಾಧ್ಯತೆ ಜಾಸ್ತಿ. ಅಮೆರಿಕದ ಅಳತೆ ಮತ್ತು ಮಾನದಂಡದ ಸಂಸ್ಥೆ 2019ರಲ್ಲಿ ಇಂಥ ಹಲವಾರು ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಎಷ್ಟೋ ಸಾಫ್ಟ್‌ವೇರ್‌ಗಳು ಆಫ್ರಿಕಾ ಮತ್ತು ಏಷ್ಯಾ ಮೂಲದ ಇಬ್ಬರು ಬೇರೆ ಬೇರೆಯವರನ್ನು ‘ಒಬ್ಬರೇ’ ಎಂದು ತಪ್ಪಾಗಿ ಹೊಂದಿಸುವುದು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಿತ್ತು.

‘ಈ ಮುಖದ ಹಿಂದೆ ಯಾವ ಭಾವನೆ ಇದೆ’ ಎಂಬ ಕೆಲಸ ಬೇರೆಯೇ. ಇಲ್ಲಿ ನಾನು ನೇರವಾಗಿ ಹೇಳುತ್ತೇನೆ: ನಿಮ್ಮ ವರದಿಯಲ್ಲಿದ್ದ ‘ಸಿಟ್ಟಿನ ಛಾಯೆ’ ಎಂಬ ಮಾತಿಗೆ ಬುಡ ಗಟ್ಟಿ ಇಲ್ಲ.

ಅದರ ಬೇರು ಎಲ್ಲಿದೆ ಅಂದರೆ, ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ 1960ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಕೆಲಸ ಮಾಡಿ, ಸಂತೋಷ, ದುಃಖ, ಸಿಟ್ಟು, ಭಯ, ಅಸಹ್ಯ, ಆಶ್ಚರ್ಯ ಈ ಆರು ಭಾವಗಳ ಮುಖ ಎಲ್ಲ ಮನುಷ್ಯರಿಗೂ ಒಂದೇ ಎಂದು ವಾದಿಸಿದರು. 1978ರಲ್ಲಿ ಎಕ್‌ಮನ್ ಮತ್ತು ಅವರ ಸಹೋದ್ಯೋಗಿ ಫ್ರೀಸನ್ ಮುಖದ ಸ್ನಾಯುಗಳ ಚಲನೆಗೆ ನಂಬರ್ ಕೊಟ್ಟು ಒಂದು ಪಟ್ಟಿ ಮಾಡಿದರು. ಹುಬ್ಬು ಕೆಳಗಿಳಿದರೆ 4, ಕೆನ್ನೆ ಮೇಲೆದ್ದರೆ 6, ತುಟಿಯ ಅಂಚು ಮೇಲಕ್ಕೆ ಎಳೆದರೆ 12. ಆ ಪಟ್ಟಿ ಒಳ್ಳೆಯ ಉಪಕರಣ. ನಾವು ಈಗಲೂ ಬಳಸುತ್ತೇವೆ. ಹುಬ್ಬು ಇಳಿದಿದೆ ಎಂದು ಯಂತ್ರ ಹೇಳಿದರೆ ಒಪ್ಪಬಹುದು. ಹುಬ್ಬು ಇಳಿದಿದೆ, ಆದ್ದರಿಂದ ಇವರಿಗೆ ಸಿಟ್ಟು ಬಂದಿದೆ ಅನ್ನುವ ಜಿಗಿತ ಇದೆಯಲ್ಲ, ಅಲ್ಲಿ ಎಡವುತ್ತದೆ. ಗಟ್ಟಿಯಾಗಿ ಯೋಚಿಸುವಾಗ ಹುಬ್ಬು ಇಳಿಯುತ್ತದೆ. ಎದುರಿಂದ ಬೆಳಕು ಚುಚ್ಚಿದರೆ ಇಳಿಯುತ್ತದೆ. ತಲೆನೋವಿದ್ದರೆ, ಸಣ್ಣ ಅಕ್ಷರ ಓದುವಾಗ ಇಳಿಯುತ್ತದೆ. ಮೇಜಿನ ಮೇಲಿನ ಪರದೆ ನೋಡಲು ತಲೆ ಬಗ್ಗಿಸಿದರಂತೂ ಸ್ನಾಯು ಅಲ್ಲಾಡದೆಯೂ ಹುಬ್ಬು ಗಂಟಿಕ್ಕಿದ ಹಾಗೆ ಕಾಣುತ್ತದೆ. ಒಬ್ಬರೇ ಕ್ಯಾಮೆರಾ ಮುಂದೆ ಕೂತು ಕಷ್ಟದ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ ನಿಮ್ಮ ಹುಬ್ಬು ಎಲ್ಲಿತ್ತು ಎಂದು ನೀವೇ ಯೋಚಿಸಿ.

2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ನಾಲ್ವರು ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ನಿಜವಾಗಿ ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು ನೂರಕ್ಕೆ ಸುಮಾರು 30 ಸಲ ಮಾತ್ರ. ಮಿಕ್ಕ ಸಲ ನಗುತ್ತಾರೆ, ಅಳುತ್ತಾರೆ, ಮುಖ ಕಲ್ಲು ಮಾಡಿಕೊಳ್ಳುತ್ತಾರೆ. ಭಯದ ಮುಖ ಎಲ್ಲರಿಗೂ ಒಂದೇ ಎಂಬ ಮಾತೂ ಸಡಿಲವಾಗಿದೆ. ಕಣ್ಣು ಅಗಲಿಸಿ ಬಾಯಿ ತೆರೆದ ‘ಭಯದ ಮುಖ’ವನ್ನು ಟ್ರೋಬ್ರಿಯಂಡ್ ದ್ವೀಪದವರಿಗೆ ತೋರಿಸಿದರೆ ಅವರು ಅದನ್ನು ಹೆದರಿಸುವ ಮುಖ ಎಂದು ಓದಿದರು. 2016ರ ಅಧ್ಯಯನ ಅದು. ನನಗೆ ತುಂಬ ಇಷ್ಟವಾದದ್ದು 2012ರ ಇನ್ನೊಂದು. ಟೆನಿಸ್‌ನಲ್ಲಿ ಅಂಕ ಗೆದ್ದವರ, ಸೋತವರ ಫೋಟೋದಿಂದ ಬರೀ ಮುಖ ಕತ್ತರಿಸಿ ತೋರಿಸಿದಾಗ ಗೆದ್ದವರು ಯಾರು, ಸೋತವರು ಯಾರು ಹೇಳಲು ಯಾರಿಗೂ ಆಗಲಿಲ್ಲ. ಮುಖ ಮುಚ್ಚಿ ಮೈ ತೋರಿಸಿದಾಗ ಹೇಳಿದರು. ಅಂದರೆ ಮನುಷ್ಯರೂ ಮುಖ ಒಂದನ್ನೇ ಓದುವುದಿಲ್ಲ. ಮೈ, ದನಿ, ಸಂದರ್ಭ, ಆ ಮನುಷ್ಯನ ಹಳೆಯ ಪರಿಚಯ ಎಲ್ಲ ಸೇರಿಸಿ ಓದುತ್ತೇವೆ. ಗೊತ್ತಾಗದಿದ್ದರೆ ‘ಯಾಕೆ, ಏನಾಯ್ತು?’ ಎಂದು ಕೇಳುತ್ತೇವೆ.

ಯಂತ್ರ ಕೇಳುವುದಿಲ್ಲ. ಅದು ಕಲಿತದ್ದಾದರೂ ಎಲ್ಲಿಂದ? ಸಂಶೋಧಕರು ಜಾಸ್ತಿ ಬಳಸಿದ ಒಂದು ಸಂಗ್ರಹ 2013ರದ್ದು. ಸುಮಾರು 35,000 ಮುಖಗಳು, ಒಂದೊಂದೂ 48ಕ್ಕೆ 48 ಚುಕ್ಕಿಯಷ್ಟು ಸಣ್ಣ ಕಪ್ಪುಬಿಳುಪು ಚಿತ್ರ. ಭಾವನೆಯ ಪದಗಳನ್ನು ಕೊಟ್ಟು ಅಂತರ್ಜಾಲದಲ್ಲಿ ಹುಡುಕಿ ತೆಗೆದವು. ಒಂದೊಂದಕ್ಕೂ ಏಳರಲ್ಲಿ ಒಂದು ಹೆಸರು ಹಚ್ಚಿದ್ದಾರೆ. ಆ ಚಿತ್ರಗಳನ್ನು ಮನುಷ್ಯರಿಗೇ ತೋರಿಸಿದಾಗ ಹಚ್ಚಿದ ಹೆಸರಿಗೆ ತಾಳೆಯಾದದ್ದು ನೂರಕ್ಕೆ ಸುಮಾರು 65. ಚಿತ್ರದಲ್ಲಿದ್ದವರನ್ನು ‘ಆಗ ನಿಮಗೆ ಏನನ್ನಿಸುತ್ತಿತ್ತು’ ಎಂದು ಯಾರೂ ಕೇಳಿಲ್ಲ. ಹಾಗಾಗಿ ಇಂಥ ಯಂತ್ರ ಕಲಿಯುವುದು ‘ನೋಡಿದವರಿಗೆ ಹೇಗೆ ಕಂಡಿತು’ ಎಂಬುದನ್ನು. ಒಳಗೆ ಏನಿತ್ತು ಎಂಬುದನ್ನಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿಯಾಗುತ್ತದೆ. ಮುಖದ ಅರ್ಧ ಭಾಗಕ್ಕೆ ಲಕ್ವಾ ಹೊಡೆದವರಿದ್ದಾರೆ. ಅವರಿಗೆಲ್ಲ ಇಂಥ ಯಂತ್ರ ‘ಉತ್ಸಾಹ ಕಡಿಮೆ’ ಎಂದೇ ಬರೆಯಬಹುದು. ಅವರ ಎದುರು ಕೂತು ಮಾತಾಡಿದ ನನಗೆ ಇದು ತುಂಬಾ ನೋವಿನ ವಿಷಯ. ಮುಖ ನೋಡಿ ಮಣೆ ಹಾಕಬಾರದು ಎಂದು ಹಿರಿಯರು ಹೇಳಿದ್ದನ್ನೇ ಇಲ್ಲಿ ಯಂತ್ರದಿಂದ ಮಾಡಿಸುತ್ತಿದ್ದಾರೆ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಸಂದರ್ಶನದ ಸಾಫ್ಟ್‌ವೇರ್ ಮಾರುವ ಹೈರ್‌ವ್ಯೂ ಕಂಪನಿ ಮುಖದ ವಿಶ್ಲೇಷಣೆಯನ್ನು ಕೈಬಿಟ್ಟದ್ದಾಗಿ 2021ರಲ್ಲಿ ಹೇಳಿತು. ಮೈಕ್ರೋಸಾಫ್ಟ್ ಮುಖ ನೋಡಿ ಭಾವನೆ ಊಹಿಸುವ ಸೌಲಭ್ಯವನ್ನು ಹಿಂತೆಗೆಯುವುದಾಗಿ 2022ರಲ್ಲಿ ಪ್ರಕಟಿಸಿತು. ಯುರೋಪ್ ಒಕ್ಕೂಟದಲ್ಲಿ 2025ರ ಫೆಬ್ರವರಿಯಿಂದ ಕೆಲಸದ ಜಾಗ ಮತ್ತು ಶಾಲೆಗಳಲ್ಲಿ ಇಂಥ ಊಹೆಗೆ ನಿಷೇಧವಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ.

ಹಾಗಾಗಿ ಆ ವರದಿಯನ್ನು ನಿಮ್ಮ ಮನಸ್ಸಿನ ಫೋಟೋ ಎಂದು ಇಟ್ಟುಕೊಳ್ಳಬೇಡಿ. ಮುಖದಿಂದ ಏನನ್ನು ಅಳೆದರು, ಕೊನೆಯ ತೀರ್ಮಾನ ಮನುಷ್ಯರದ್ದೋ ಯಂತ್ರದ್ದೋ ಎಂದು ಬರಹದಲ್ಲಿ ಕೇಳಿ. ಉತ್ತರ ಬರದೇ ಇರಬಹುದು, ಆದರೂ ಕೇಳಿದ್ದು ದಾಖಲೆಯಾಗುತ್ತದೆ. ಮುಂದಿನ ಸಲ ಸಂದರ್ಶನಕ್ಕೆ ಮೊದಲೇ, ಮನುಷ್ಯರೊಂದಿಗೆ ನೇರ ಮಾತು ಸಾಧ್ಯವೇ ಎಂದು ವಿಚಾರಿಸಿ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇರಲಿ, ಬೆಳಕು ಕಣ್ಣಿಗೆ ಚುಚ್ಚದಿರಲಿ. ಯಂತ್ರಕ್ಕಾಗಿ ನಗುವ ಅಭ್ಯಾಸ ಮಾತ್ರ ಬೇಡ. ಅದನ್ನು ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಗಮನವೆಲ್ಲ ತುಟಿಯ ಮೇಲೆ ಹೋಗಿ ಉತ್ತರ ಕೆಡುತ್ತದೆ.

ಆ್ಯಪ್ ವಿಷಯ. ನಿಮ್ಮ ಫೋನಿನಲ್ಲಿ ಮನೆಯವರ, ಆಫೀಸಿನವರ ಫೋಟೋ ಅವರನ್ನು ಕೇಳಿಯೇ ಇಟ್ಟುಕೊಂಡು, ಪಕ್ಕದಲ್ಲಿ ‘ನಡೆಯುವಾಗ ಬಲಗೈ ಬೀಸುತ್ತಾರೆ, ದನಿ ಗೊಗ್ಗರು’ ಎಂದು ಬರೆದುಕೊಳ್ಳಿ. ಇದು ನಿಜಕ್ಕೂ ನೆರವಾಗುತ್ತದೆ. ಎದುರು ಬಂದವರತ್ತ ಫೋನ್ ಹಿಡಿದು ಹೆಸರು ಹೇಳಿಸುವ ಆ್ಯಪ್ ಬೇರೆ ಮಾತು. ಎದುರಿನವರು ಒಪ್ಪಿಗೆ ಕೊಟ್ಟಿರುವುದಿಲ್ಲ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಮುಖ ಸೋರಿದರೆ ಬದಲಾಯಿಸಲಾಗದು. ಯಂತ್ರ ತಪ್ಪು ಹೆಸರು ಹೇಳಿದರೆ ನೀವು ಅದನ್ನೇ ನಂಬುತ್ತೀರಿ, ಏಕೆಂದರೆ ಮುಖ ನೋಡಿ ತಾಳೆ ಮಾಡಲು ನಿಮಗಾಗುವುದಿಲ್ಲ. ನಾನು ಇದನ್ನು ಸಲಹೆ ಮಾಡುವುದಿಲ್ಲ.

ಇದಕ್ಕೆ ಮಾತ್ರೆ ಇಲ್ಲ. ಕೆಲವು ವಾರಗಳ ತರಬೇತಿಯಿಂದ ಕೆಲವರಿಗೆ ಸ್ವಲ್ಪ ಮಟ್ಟಿಗೆ ಸುಧಾರಣೆ ಕಂಡಿದೆ, ಪೂರ್ತಿ ಹೋಗುವುದಿಲ್ಲ. ನ್ಯೂರೋಸೈಕಾಲಜಿಸ್ಟ್, ಅಂದರೆ ನೆನಪು, ಗುರುತಿನಂಥ ಮಿದುಳಿನ ಕೆಲಸಗಳನ್ನು ಪರೀಕ್ಷಿಸುವ ಮನಶ್ಶಾಸ್ತ್ರಜ್ಞರ ಬಳಿ ಒಮ್ಮೆ ಪರೀಕ್ಷೆ ಮಾಡಿಸಿ. ದೃಷ್ಟಿಯ ತೊಂದರೆ ಇಲ್ಲ ಎಂದು ಖಚಿತವಾಗಲು ಕಣ್ಣನ್ನೂ ತೋರಿಸಿ. ಒಂದು ಎಚ್ಚರಿಕೆ, ಇದು ಓದುವ ಎಲ್ಲರಿಗೂ: ನಿನ್ನೆಯವರೆಗೆ ಗುರುತು ಸಿಗುತ್ತಿದ್ದ ಮುಖಗಳು ಇದ್ದಕ್ಕಿದ್ದಂತೆ ಸಿಗದಿದ್ದರೆ, ಜೊತೆಗೆ ಮಾತು ತೊದಲಿದರೆ, ಒಂದು ಬದಿ ಸೋತರೆ, ಅರ್ಧ ನೋಟ ಹೋದರೆ, ಅದು ಪಾರ್ಶ್ವವಾಯು ಇರಬಹುದು. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ನಿಮ್ಮದು ಹಾಗಲ್ಲ.

ಆಫೀಸಿನಲ್ಲಿ ಹೇಳುವುದೋ ಬೇಡವೋ? ಹೇಳಿದರೆ ಕೆಲವರು ನಂಬುವುದಿಲ್ಲ. ಕೆಲವರು ಎದುರು ನಿಂತು ‘ನಾನ್ಯಾರು ಹೇಳಿ ನೋಡೋಣ’ ಅನ್ನುತ್ತಾರೆ, ಅದು ಕಿರಿಕಿರಿ. ಹೇಳದಿದ್ದರೆ ‘ಜಂಭ’ ಎಂಬ ಹೆಸರು ಉಳಿಯುತ್ತದೆ. ನನ್ನ ಬಳಿ ಬಂದವರಲ್ಲಿ ಹೇಳಿದವರು ಹೆಚ್ಚಾಗಿ ಹಗುರಾದರು. ಮೊದಲು ಪಕ್ಕದಲ್ಲಿ ಕೂರುವವರಿಗೆ ಹೇಳಿ. ಇಷ್ಟು ಸಾಕು: ‘ನನಗೆ ಮುಖ ಗುರುತು ಸಿಗುವುದಿಲ್ಲ, ಹುಟ್ಟಿನಿಂದ ಹೀಗೆ. ಹೊರಗೆ ಸಿಕ್ಕರೆ ನೀವೇ ಹೆಸರು ಹೇಳಿ ಮಾತಾಡಿಸಿ.’

ಇದು ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ಮಗಳು ಗುಂಪಿನಲ್ಲಿ ನಿಮ್ಮನ್ನು ಬಿಟ್ಟು ಕದಲದಿದ್ದರೆ, ಸಿನಿಮಾದಲ್ಲಿ ಪಾತ್ರ ಬಟ್ಟೆ ಬದಲಾಯಿಸಿದಾಗ ‘ಇವರು ಯಾರು’ ಎಂದು ಕೇಳಿದರೆ, ಗಮನಿಸಿ. ಸದ್ಯಕ್ಕೆ ಅವಳಿಗೆ ನಿಮ್ಮ ಕಥೆ ಹೇಳಿ. ಮಕ್ಕಳು ಇದನ್ನು ನಮಗಿಂತ ಸಲೀಸಾಗಿ ಒಪ್ಪಿಕೊಳ್ಳುತ್ತಾರೆ. ‘ಅಮ್ಮನಿಗೆ ನಿನ್ನ ದನಿ ತಕ್ಷಣ ಗೊತ್ತಾಗುತ್ತೆ, ಮುಖ ತಡವಾಗುತ್ತೆ’ ಅಂದರೆ ಸಾಕು. ಶಾಲೆಯ ಗೇಟಿನ ಹತ್ತಿರ ಇಬ್ಬರೂ ಸೇರಿ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ನೀವು ಅಲ್ಲಿ ನಿಂತಿರಿ. ಅವಳೇ ನಿಮ್ಮನ್ನು ನೋಡಿ, ಕರೆದು, ಓಡಿ ಬರಲಿ.